ಮೂರು ನೀರು, ಎರಡು ಮಳೆ

ಯಾರ ಮನೆಗೆ ಹೋದರೂ ಕುರ್ಚಿಯ ಮೇಲೆ ಕೂರುವ ಮುಂಚೆ ಅದರ ಬೆನ್ನು ಹಿಡಿದು ಒಮ್ಮೆ ಅತ್ತಿತ್ತ ಅಲ್ಲಾಡಿಸಿ ನೋಡುವ ಕೆಟ್ಟ ಚಟವೊಂದು ನನಗೆ ಅಂಟಿಕೊಂಡಿದೆ. ಹೋದ ತಿಂಗಳು ಇಲ್ಲೇ ಬೀದರಿನ ಮೈಲೂರಿನಲ್ಲಿ, ನಾಲ್ಕು ಮನೆ ಆಚೆ, ತೊಟ್ಟಿಲ ಕಾರ್ಯಕ್ಕೆ ಕರೆದಿದ್ದರು. ಹೊಸ ಕುರ್ಚಿ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ತೆಗೆದಿರಲಿಲ್ಲ. ನಾನು ರೂಢಿಯಂತೆ ಅಲ್ಲಾಡಿಸಿದೆ. ಮನೆಯೊಡತಿ ಓಡಿ ಬಂದು ಸೆರಗಿನಿಂದ ಕುರ್ಚಿ ಒರೆಸಿ, "ಧೂಳ ಇಲ್ಲರಿ ಬಾಯಿ, ಮುಂಜಾನಿ ಎರಡ ಸಲ ಒರಿಸೀನಿ" ಎಂದಳು. ಧೂಳಲ್ಲ, ಕುಂಟುತ್ತದೇನೋ ಎಂದು ನೋಡಿದೆ ಎಂದು ಹೇಳುವಷ್ಟು ನಾಲಿಗೆ ನನಗಿಲ್ಲ. ಸುಮ್ಮನೆ ಚಾಪೆಯ ಮೇಲೆ ಕೂತುಬಿಟ್ಟೆ. ಅದು ಅವಳಿಗೆ ಇನ್ನೂ ದೊಡ್ಡ ಅವಮಾನವಾಯಿತು. ಬರುವಾಗ ದಾರಿಯಲ್ಲಿ ನಿಮ್ಮ ತಾಯಿ, "ಅವ್ವಾ, ನೀ ಮಂದಿ ಮನಿಗಿ ಬರೂದೇ ಬ್ಯಾಡ, ನಮ್ಮ ಮಾನ ಕಳಿತಿ" ಎಂದು ಬೈದಳು. ಬೈಗುಳ ನ್ಯಾಯವಾದದ್ದೇ. ಆದರೆ ಚಟ ಹುಟ್ಟಿದ್ದು ಹೇಗೆಂದು ಅವಳಿಗೆ ಗೊತ್ತಿಲ್ಲ. ನಿಮಗಾದರೂ ಗೊತ್ತಿರಲಿ ಎಂದು ಬರೆಯುತ್ತೇನೆ.

ಮಕ್ಕಳೇ, ಕುರ್ಚಿಯೆಂದರೆ ನಿಮಗೆ ಒಂದೇ ವಸ್ತು. ಅಂಗಡಿಯಿಂದ ಬರುತ್ತದೆ, ಕೂರುತ್ತೀರಿ, ಮುರಿದರೆ ಬಿಸಾಡುತ್ತೀರಿ. ನನ್ನ ಕಣ್ಣಿಗೆ ಅದು ಎರಡು ವಸ್ತು. ಕಾಲು, ಬೆನ್ನು, ಅಡ್ಡಪಟ್ಟಿ ಇವೆಲ್ಲ ಒಬ್ಬನ ಕೈಯವು. ಕೂರುವ ಜಾಗ ಇನ್ನೊಬ್ಬನದು. ಒಬ್ಬನು ಮರ ಬಲ್ಲವನು, ಇನ್ನೊಬ್ಬನು ನೂಲು ಬಲ್ಲವನು. ಮರ ಜಗ್ಗಿಸಿಕೊಳ್ಳಲು ಒಪ್ಪಬೇಕು, ನೂಲು ಜಗ್ಗಲು ಒಪ್ಪಬೇಕು. ಗಂಡಹೆಂಡಿರ ಸಂಸಾರದ ಹಾಗೆ ಇಬ್ಬರೂ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ. ನಡುವೆ ಒಂದು ಮೂರನೆಯ ಕೈ ಇರುತ್ತದೆ, ನೂಲನ್ನು ಮರಕ್ಕೆ ಕಟ್ಟುವ ಕೈ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಆ ಮೂರನೆಯ ಕೈ ಆಗಿದ್ದೆ.

ನಿಮ್ಮ ಅಜ್ಜ ಭಾಲ್ಕಿಯ ಒಂದು ಸಾಲೆಯಲ್ಲಿ ಜವಾನರಾಗಿದ್ದರು. ಇಡೀ ಆಯುಷ್ಯ ಬೇರೆಯವರ ಕುರ್ಚಿಗಳನ್ನು ಎತ್ತಿಟ್ಟು, ಒರೆಸಿ, ಸರಿಸಿ, ತಾವು ನಿಂತೇ ಇದ್ದ ಮನುಷ್ಯ. ನಿವೃತ್ತರಾದ ದಿನ ಸಾಲೆಯವರು ಶಾಲು ಹೊದಿಸಿ, ಸ್ಟೋರ್ ಕೋಣೆಯಿಂದ ನವಾರು ಪಟ್ಟಿಯ ಒಂದು ಹಳೆಯ ಕುರ್ಚಿಯನ್ನೂ ಕೊಟ್ಟು ಕಳಿಸಿದರು. ಅದರಲ್ಲಿ ಅವರು ಎರಡೇ ವರ್ಷ ಕೂತರು. ಅವರು ಹೋದ ಮೇಲೆ ನಿಮ್ಮ ತಾಯಿ ನನ್ನನ್ನೂ ಆ ಕುರ್ಚಿಯನ್ನೂ ಮೈಲೂರಿಗೆ ಕರೆತಂದಳು. ಇಬ್ಬರಲ್ಲಿ ಕುರ್ಚಿಯ ಸ್ಥಿತಿ ಹೆಚ್ಚು ಕೆಟ್ಟಿತ್ತು. ನವಾರು ಹರಿದು ಜೋಲಾಡುತ್ತಿತ್ತು. ನನ್ನ ತವರಿನ ಹಳೆಯ ಕಂಬಳಿಯೊಂದನ್ನು ನಾಲ್ಕು ಬೆರಳಗಲ ಪಟ್ಟಿ ಕತ್ತರಿಸಿ, ಅಂಚು ಹೊಲಿದು, ಅಡ್ಡ ಉದ್ದ ಹೆಣೆದು ಕಟ್ಟಿದೆ. ಒಂದು ಕಾಲು ಸಡಿಲಿತ್ತು. ಬೆಣೆ ಹೊಡೆಸಲೆಂದು ಗಲ್ಲಿಯ ಮೂಲೆಯ ಖಾಸಿಂ ಭಾಯಿಯ ಅಂಗಡಿಗೆ ಹೊತ್ತುಕೊಂಡು ಹೋದೆ.

ಖಾಸಿಂ ಭಾಯಿ ಬಡಿಗ. ಅವರ ಅಜ್ಜ, ಮುತ್ತಜ್ಜ ಇದೇ ಊರಿನಲ್ಲಿ ಬಾಗಿಲು, ಕಂಬ, ತೊಟ್ಟಿಲು ಮಾಡಿದವರು. ಮೊಳೆ ಮುಟ್ಟದ ಮನೆತನ; ಕಾಲಿಗೆ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದರೊಳಗೆ ಕೂರಿಸಿ, ಬೆಣೆ ಹೊಡೆದು ಬಿಗಿಮಾಡುವ ಕೆಲಸ. ನನ್ನ ಹಾಗೆಯೇ ಮಾತು ಕಡಿಮೆಯ ಮನುಷ್ಯ. ಕಾಲನ್ನು ನೋಡಲೇ ಇಲ್ಲ. ಪಟ್ಟಿಯ ಮೇಲೆ ಅಂಗೈಯೊತ್ತಿ ನೋಡಿದರು.

"ಇದು ಯಾರ ಮಗ್ಗದ್ದು, ಬಾಯಿ?"

"ನಮ್ಮಣ್ಣಂದರಿ. ಔರಾದ ಕಡೆ ಹಳ್ಳಿ. ನಾವು ಕುರಿ ಸಾಕೋ ಮಂದಿ."

"ಅವರಿಗೆ ಹೇಳ್ರಿ, ಕುರ್ಚಿ ಸಲುವಾಗಿ ಪಟ್ಟಿನೇ ನೇದು ಕಳಸ್ಲಿ ಅಂತ. ಕತ್ತರಿ ಹಚ್ಚೂದು ಗುನ್ಹಾ ಅದ."

ಕತ್ತರಿ ಹಚ್ಚಿದ ಅಪರಾಧಿಯಾದ ನಾನು ತಲೆ ಬಗ್ಗಿಸಿ ಮನೆಗೆ ಬಂದೆ. ಹೀಗೆ ಶುರುವಾಯಿತು.

ನನ್ನ ಅಣ್ಣ ಝರೆಪ್ಪನನ್ನು ನೀವು ನೋಡಿದ್ದೀರಿ, ಮೀಸೆಯ ಸೋದರಜ್ಜ. ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು ಕಂಬಳಿ ನೇಯುತ್ತಿದ್ದ. ಭೂಮಿಯಿಂದ ಅರ್ಧ ಮೊಳೆತ ಮನುಷ್ಯನ ಹಾಗೆ ಕಾಣುತ್ತಿದ್ದ. ಅಣ್ಣನ ಅಳತೆಯೆಲ್ಲ ಮೊಳದಲ್ಲಿ, ಖಾಸಿಂ ಭಾಯಿಯದು ಇಂಚಿನಲ್ಲಿ. ಮೊದಲ ಪಟ್ಟಿ ಒಂದು ಗೇಣು ಗಿಡ್ಡವಾಗಿ ಬಂತು. ಅಣ್ಣ ಫೋನಿನಲ್ಲಿ, "ನನ್ನ ಕೈ ಗಿಡ್ಡ ಇಲ್ಲ, ಅವನ ಕುರ್ಚಿ ಉದ್ದ ಅದ" ಎಂದ. ಕೊನೆಗೆ ಖಾಸಿಂ ಭಾಯಿ ಒಂದು ಸುತಳಿಗೆ ಗಂಟು ಹಾಕಿ ಕೊಟ್ಟರು. ಮೊದಲ ಗಂಟಿನವರೆಗೆ ಅಗಲ, ಎರಡನೆಯದರವರೆಗೆ ಉದ್ದ, ಮೂರನೆಯದು ಬೆನ್ನಿನ ಎತ್ತರ. ಆ ಸುತಳಿಯನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ಔರಾದ ಬಸ್ಸು ಹತ್ತುತ್ತಿದ್ದೆ. ಗಂಟು ಬಿಚ್ಚಿಲ್ಲವಷ್ಟೇ ಎಂದು ದಾರಿಯುದ್ದಕ್ಕೂ ತೆಗೆದು ತೆಗೆದು ಮುಟ್ಟಿ ನೋಡುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು, "ಯಾರಿಗೆ ಮಾಟಾ ಮಾಡ್ಸೀರಿ ಆಯಿ?" ಎಂದು ಕೇಳಿ ಸೀಟು ಬದಲಿಸಿದ್ದಳು.

ಒಮ್ಮೆ ಅಣ್ಣನೇ ಬೀದರಿಗೆ ಬಂದ. ಅವರಿಬ್ಬರೂ ಮುಖ ನೋಡಿದ್ದು ಅಂದೇ ಮೊದಲು. ಅಂಗಡಿಯ ಮುಂದೆ ಕೊರಡಿನ ಮೇಲೆ ಕೂತು ಚಹಾ ಕುಡಿಯುತ್ತ ಅಣ್ಣ, "ಜಾಲಿ ಕಟ್ಟಿಗೇನು ಭಾಯಿ ಇದು? ಹಂಗಾದ್ರ ನಾವೇ ಮೊದಲ ಗಿರಾಕಿ. ಇದು ಗಿಡ ಇದ್ದಾಗ ನಮ್ಮ ಕುರಿ ಇದರ ಕಾಯಿ ತಿಂದಾವ" ಎಂದ.

ಖಾಸಿಂ ಭಾಯಿ ಕಾಲೊಂದನ್ನು ಕಣ್ಣಿನ ನೇರಕ್ಕೆ ಹಿಡಿದು, "ಅದಕ್ಕೇ ಸೊಟ್ಟ ಬೆಳದಾದ" ಎಂದರು. ಅಷ್ಟು ನಕ್ಕ ಅಣ್ಣನನ್ನು ನಾನು ನಮ್ಮ ಅಪ್ಪ ಇದ್ದಾಗ ನೋಡಿದ್ದೆ, ಆಮೇಲೆ ಇಲ್ಲ.

ಆ ದಿನವೇ ಇಬ್ಬರೂ ತಂತಮ್ಮ ಮನೆತನದ ಕಟ್ಟುಪಾಡು ಹೇಳಿಕೊಂಡರು. ನಮ್ಮಲ್ಲಿ ಕಂಬಳಿ ಮಗ್ಗದಿಂದ ಇಳಿದ ಮೇಲೆ ಅದಕ್ಕೆ ಮೂರು ಸಲ ನೀರು ತೋರಿಸಬೇಕು. ನೇಯುವಾಗ ಉಣ್ಣೆಯ ಎಳೆ ಗಟ್ಟಿ ನಿಲ್ಲಲೆಂದು ಹುಣಸೆ ಬೀಜದ ಗಂಜಿ ಸವರಿರುತ್ತೇವೆ. ನೆನೆಸಿ, ಕಾಲಿನಿಂದ ತುಳಿದು, ಒಣಗಿಸಿ, ಮತ್ತೆ ನೆನೆಸಿದರೆ ಆ ಗಂಜಿ ಹೋಗುತ್ತದೆ, ಉಣ್ಣೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಸುಮ್ಮನಾಗುತ್ತದೆ. ಆಮೇಲೆ ಎಷ್ಟೇ ಮಳೆ ಬಿದ್ದರೂ ಅದು ಮತ್ತೆ ಕುಗ್ಗುವುದಿಲ್ಲ. ಹುಡುಗಿಯಾಗಿದ್ದಾಗ ತುಳಿಯುವ ಕೆಲಸ ನನ್ನದೇ. ಖಾಸಿಂ ಭಾಯಿಯದೂ ಅಂಥದೇ ಕಟ್ಟು: "ಲಕ್ಡಿಗೆ ಎರಡು ಮಳಿ ತೋರಸ್ಬೇಕು. ಅದರ ಮ್ಯಾಲ ಉಳಿ ಹಚ್ಚೂದು. ನಮ್ಮ ಅಬ್ಬಾ ಹೇಳ್ತಿದ್ರು, ಹಸಿ ಕಟ್ಟಿಗಿಗೆ ಉಳಿ ಹಚ್ಚಿದ್ರ ಕೈ ನಾಪಾಕ ಆಗ್ತದ, ಮೈಲಿಗಿ ಆಗ್ತದ."

ಮೂರು ನೀರು ಕಂಡ ಉಣ್ಣೆ, ಎರಡು ಮಳೆ ಕಂಡ ಮರ. ಹಾಗೆ ಮಾಡಿದ ಮೊದಲ ಎರಡು ಕುರ್ಚಿಗಳಲ್ಲಿ ಆನೆ ಕೂರಿಸಬಹುದಿತ್ತು. ಕರಿಯ ಬಿಳಿಯ ಪಟ್ಟಿ, ಕೆಂಪಗೆ ಹೊಳೆಯುವ ಜಾಲಿ. ಖಾಸಿಂ ಭಾಯಿ ಚೌಕಟ್ಟನ್ನು ನಮ್ಮ ಹಿತ್ತಲ ಬಾಗಿಲಲ್ಲಿಟ್ಟು, ಒಮ್ಮೆ ಕೆಮ್ಮಿ ಹೋಗುತ್ತಿದ್ದರು. ನಾನು ಕಟ್ಟಿ ಮುಗಿಸಿ ಬಾಗಿಲಲ್ಲಿಟ್ಟು ಒಮ್ಮೆ ಬಳೆಯಿಲ್ಲದ ಕೈಯಿಂದ ಬಾಗಿಲು ತಟ್ಟುತ್ತಿದ್ದೆ. ನಮ್ಮ ವ್ಯವಹಾರವೆಲ್ಲ ಕೆಮ್ಮು ಮತ್ತು ತಟ್ಟುಗಳಲ್ಲೇ ನಡೆಯಿತು; ಅದಕ್ಕಿಂತ ಚೆನ್ನಾಗಿ ಯಾರ ಜೊತೆಗೂ ನಾನು ಮಾತಾಡಿದ ನೆನಪಿಲ್ಲ.

ಆ ಎರಡು ಕುರ್ಚಿಗಳನ್ನು ಭಾಲ್ಕಿಯ ಸಾವಕಾರರೊಬ್ಬರು ನೋಡಿದರು. ಕೋಟೆ ನೋಡಲು ಬರುವವರಿಗಾಗಿ ಅವರು ನೌಬಾದದಲ್ಲಿ ವಸತಿಗೃಹ ಕಟ್ಟಿಸುತ್ತಿದ್ದರು. ಮೂವತ್ತು ಕುರ್ಚಿ ಬೇಕು, ಮಳೆಗಾಲಕ್ಕೆ ಮುಂಚೆ, ಉದ್ಘಾಟನೆಗೆ ಎಂದರು. ಖಾಸಿಂ ಭಾಯಿ ಎರಡು ಮಳೆ ಕಂಡ ಕಟ್ಟಿಗೆಯನ್ನೆಲ್ಲ ಹೊರಗೆ ತೆಗೆದರು. ಮಗಳ ಮದುವೆಗೆ ಮಂಚ ಮಾಡಲೆಂದು ಎತ್ತಿಟ್ಟದ್ದನ್ನೂ ಕೊಯ್ದರು. ನಾನು ಕಣ್ಣಾರೆ ಕಂಡಿದ್ದೇನೆ, ಇದನ್ನು ನೆನಪಿಟ್ಟುಕೊಳ್ಳಿ.

ಔರಾದಿನಿಂದ ಪಟ್ಟಿಗಳ ಗಂಟು ಬಸ್ಸಿನ ಮೇಲೆ ಬಂತು. ಬಿಚ್ಚಿದೆ. ಹುಣಸೆ ಗಂಜಿಯ ವಾಸನೆ ಮೂಗಿಗೆ ಹೊಡೆಯಿತು. ಪಟ್ಟಿ ಕೈಯಲ್ಲಿ ಹಪ್ಪಳದ ಹಾಗೆ ಬಿರುಸಾಗಿ ನಿಂತಿತ್ತು. ಒಂದು ನೀರನ್ನೂ ಕಂಡಿರಲಿಲ್ಲ.

ಅಣ್ಣನಿಗೆ ಫೋನು ಮಾಡಿದೆ. "ಅಣ್ಣಾ, ನೀರು ತೋರಿಸಿಲ್ಲೇನು?"

"ಕುಡಿಲಾಕೇ ನೀರಿಲ್ಲ ಇಲ್ಲಿ, ಎರಡ ಕೊಡಾ ಬರ್ತಾವ ದಿನಕ್ಕ. ಮತ್ತ ಯಾಕ ತೋರಸ್ಬೇಕು ಹೇಳು? ಹೊದಿಯೋ ಕಂಬಳಿ ಮಳ್ಯಾಗ ತೊಯ್ತದ. ಕುರ್ಚಿ ಏನು ಮಳ್ಯಾಗ ಕುರಿ ಕಾಯ್ತದೇನು?"

ನನಗೂ ನಗು ಬಂತು. ಕೋಲು ಹಿಡಿದು ಕುರಿ ಕಾಯುವ ಕುರ್ಚಿ ಕಣ್ಣ ಮುಂದೆ ಬಂತು. ನಕ್ಕ ಮೇಲೆ ಜಗಳವಾಡುವುದು ಹೇಗೆ? ನಮ್ಮ ಹಿತ್ತಲಿನ ನಲ್ಲಿಯಲ್ಲಿ ನೀರಿತ್ತು. ಮೂವತ್ತು ಕುರ್ಚಿಯ ಪಟ್ಟಿಯನ್ನು ನಾನೇ ಹತ್ತು ದಿನ ತುಳಿದು ಒಣಗಿಸಬಹುದಿತ್ತು. ಆದರೆ ಅದಕ್ಕೆ, ದಿನ ಬೇಕು ಎಂದು ಖಾಸಿಂ ಭಾಯಿಗೆ ಹೇಳಬೇಕಿತ್ತು. ಹೇಳಿದರೆ ಯಾಕೆಂದು ಕೇಳುತ್ತಿದ್ದರು. ಕೇಳಿದರೆ ಅಣ್ಣನ ತಪ್ಪು ಪರರ ಮುಂದೆ ಬಿಚ್ಚಬೇಕಿತ್ತು. ಬಿರುಸಾದ ಪಟ್ಟಿಯನ್ನೇ ಬಿಗಿಯಾಗಿ ಎಳೆದು ಕಟ್ಟಿದೆ. ಎರಡನೆಯ ದಿನ ಬಾಗಿಲಾಚೆಯಿಂದ ಕೆಮ್ಮು ಕೇಳಿತು. "ಸಬ್ ಬರಾಬರ್ ಹೈ ನಾ, ಬಾಯಿ?"

"ಬರಾಬರ ಅದಾವ್ರಿ" ಎಂದೆ.

ಉದ್ಘಾಟನೆಯ ದಿನ ಮೂವತ್ತು ಕುರ್ಚಿಗಳನ್ನೂ ಅಂಗಳದಲ್ಲಿ ಹಾಕಿದ್ದರು. ಊಟದ ಹೊತ್ತಿಗೆ ಮೊದಲ ಮಳೆ ಬಂತು. ಎಲ್ಲರೂ ಒಳಗೆ ಓಡಿದರು. ಕುರ್ಚಿಗಳು ಅಲ್ಲೇ ನಿಂತು ತೊಯ್ದವು. ಮರುದಿನ ಬೆಂಕಿಯಂಥ ಬಿಸಿಲು. ಒಣಗುತ್ತ ಒಣಗುತ್ತ ಉಣ್ಣೆ ತನ್ನ ಮೂರು ನೀರಿನ ಬಾಕಿಯನ್ನು ಒಂದೇ ಸಲಕ್ಕೆ ವಸೂಲು ಮಾಡಿತು. ಪಟ್ಟಿ ಕುಗ್ಗಿ ಚೌಕಟ್ಟನ್ನು ಒಳಗೆಳೆಯಿತು, ಸಂದುಗಳು ಬಾಯಿ ಬಿಟ್ಟವು, ಬೆಣೆಗಳು ಉದುರಿದವು. ನಾಲ್ಕನೆಯ ದಿನಕ್ಕೆ ಮೂವತ್ತಕ್ಕೆ ಮೂವತ್ತೂ ಕುಂಟುತ್ತಿದ್ದವು.

ಸಾವಕಾರರು ಎಲ್ಲರನ್ನೂ ಕರೆಸಿದರು. ಖಾಸಿಂ ಭಾಯಿ, ಔರಾದಿನಿಂದ ಅಣ್ಣ, ಕಟ್ಟಿಗೆ ಮಾರುವ ಅಡ್ಡೆಯ ನಾಲ್ಕೈದು ಮಂದಿ, ಗೋಡೆಯ ಬದಿಗೆ ನಾನು. ಅಡ್ಡೆಯವನೊಬ್ಬ ಬಾಯಿಬಿಟ್ಟ ಸಂದಿಗೆ ಬೆರಳು ತೂರಿಸಿ ತೋರಿಸಿದ. "ನೋಡ್ರಿ ಸಾವಕಾರ್ರ, ಕಟ್ಟಿಗಿ ಒಣಗಿ ಸಣ್ಣಗಾಗ್ಯದ. ಹಸೀದು ಹಾಕ್ಯಾರ. ಸಣ್ಣ ಹುಡುಗಗೂ ತಿಳೀತದ."

ಖಾಸಿಂ ಭಾಯಿಯ ಮುಖ ನಾನು ನೋಡಬಾರದಿತ್ತು. "ನನ್ನ ಲಕ್ಡಿ ಎರಡು ಮಳಿ ನೋಡ್ಯಾದ" ಎಂದರು. "ಪಟ್ಟಿ ಎಳದಾದ. ಪಟ್ಟಿಗೆ ನೀರು ತೋರಿಸ್ಯಾರೇನು ಕೇಳ್ರಿ."

ಅಣ್ಣ ಎದ್ದು ನಿಂತ. ಅಷ್ಟು ಮಂದಿಯ ಮುಂದೆ ಒಬ್ಬ ನೇಕಾರನನ್ನು ಹಾಗೆ ಕೇಳಬಾರದಿತ್ತು. "ನಮ್ಮ ಮನ್ಯಾಗ ಮೂರು ನೀರು ತೋರಿಸಲಾರದ ಒಂದು ಎಳಿನೂ ಹೊರಗ ಹೋಗಿಲ್ಲ. ಅಕಿನ್ನ ಕೇಳ್ರಿ, ನನ್ನ ತಂಗಿ. ಅಕಿನೇ ಕಟ್ಟ್ಯಾಳ."

ಎಲ್ಲ ಕಣ್ಣುಗಳೂ ನನ್ನ ಕಡೆ ತಿರುಗಿದವು. ಅಷ್ಟು ಗಂಡಸರು ಒಮ್ಮೆಗೇ ನನ್ನನ್ನು ನೋಡಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅಂದೇ. ಸೆರಗು ಹಣೆಯವರೆಗೆ ಎಳೆದುಕೊಂಡು ತಲೆ ತಗ್ಗಿಸಿದೆ. ಸಾವಕಾರರು, "ಆತಲ್ಲ, ಹೌದಂತಾಳ" ಎಂದರು.

ನಾನು ಹೌದೆನ್ನಲಿಲ್ಲ, ನಾಚಿ ತಲೆ ತಗ್ಗಿಸಿದೆ ಅಷ್ಟೇ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ವಿಧವೆ, ಹಳ್ಳಿಯ ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತವಳು, ಸಭೆ ಕಂಡವಳಲ್ಲ. ಎಲ್ಲ ನಿಜ. ಆದರೆ ತಗ್ಗಿದ ತಲೆಯನ್ನು ಅವರು ಏನೆಂದು ಓದುತ್ತಾರೆಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಎತ್ತಲಿಲ್ಲ. ನಾಚಿಕೆ ಎಂಬುದು ಕೆಲವೊಮ್ಮೆ ಬಹಳ ಅನುಕೂಲದ ಗುಣ ಮಕ್ಕಳೇ. ಹೆಂಗಸಿಗೆ ಅದು ಭೂಷಣವೆಂದು ಹೇಳುವವರು, ಅದರ ಹಿಂದೆ ಎಷ್ಟು ಸುಳ್ಳು ಬಚ್ಚಿಡಬಹುದೆಂದು ಹೇಳುವುದಿಲ್ಲ.

ಖಾಸಿಂ ಭಾಯಿ ನನ್ನ ಕಡೆ ನೋಡಿದರೋ ಇಲ್ಲವೋ ತಿಳಿಯದು. ತಲೆ ಎತ್ತಿದಾಗ ಅವರು ಗೇಟು ದಾಟಿ ಹೋಗಿದ್ದರು.

ಅಣ್ಣನಿಗೆ ಏನೂ ಆಗಲಿಲ್ಲ. ಕಂಬಳಿ ವ್ಯಾಪಾರದವರು ಎಂದಿನಂತೆ ಬಂದರು, ಹೋದರು. ಖಾಸಿಂ ಭಾಯಿಗೆ ಹೆಸರು ಬಿತ್ತು. ಅವರ ಬೆನ್ನ ಹಿಂದೆ ಮೊದಲು ಅಡ್ಡೆಯಲ್ಲಿ, ಆಮೇಲೆ ಗಲ್ಲಿಯಲ್ಲಿ 'ಹಸಿ ಕಟ್ಟಿಗಿ' ಎನ್ನತೊಡಗಿದರು. ಬಾಗಿಲು ಮಾಡಿಸುವವರು ಬೇರೆ ಕಡೆ ಹೋದರು, ತೊಟ್ಟಿಲು ಕೇಳುವವರು ಬರಲಿಲ್ಲ. ಕೊನೆಗೆ ಅವರು ಹಣ್ಣಿನ ಪೆಟ್ಟಿಗೆ ಮಾಡಲು ಕೂತರು. ಅದಕ್ಕೆ ಯಾವ ಹಲಗೆಯಾದರೂ ನಡೆಯುತ್ತದೆ. ನಿಜವಾದ ಹಸಿ ಕಟ್ಟಿಗೆ, ನೀರು ಸೋರುವಂಥದ್ದು. ಅದಕ್ಕೆ ಮೊಳೆ ಹೊಡೆಯುತ್ತಾರೆ. ಮೊಳೆ ಮುಟ್ಟದ ಮನೆತನದ ಮನುಷ್ಯ ಮುಂಜಾನೆಯಿಂದ ಸಂಜೆಯವರೆಗೆ ಮೊಳೆ ಹೊಡೆಯುವ ಸದ್ದನ್ನು ನಾನು ನಮ್ಮ ಹಿತ್ತಲಲ್ಲಿ ಕೂತು ಕೇಳುತ್ತಿದ್ದೆ. ಬಾಗಿಲಲ್ಲಿ ಕೆಮ್ಮು ಮತ್ತೆ ಕೇಳಲಿಲ್ಲ.

ಇದೆಲ್ಲ ಹಾಗೆಯೇ ಮುಚ್ಚಿಹೋಗುತ್ತಿತ್ತೇನೋ. ಹೋದ ವರ್ಷ ನಿಮ್ಮಲ್ಲಿ ದೊಡ್ಡವಳು, ಪೂಜಾ, ಸಾಲೆಯಿಂದ ಬಂದವಳೇ ಚೀಲ ಬಿಸಾಕಿ, "ಆಯಿ, ಆ ಸುಮಾ ಅದಾಳಲ್ಲ, ಪಕ್ಕಾ ಹಸಿ ಕಟ್ಟಿಗಿ! ಆಟಕ್ಕ ಬರ್ತೇನಿ ಅಂದು ಬರಲೇ ಇಲ್ಲ" ಎಂದಳು.

"ಹಂಗಂದ್ರೇನವಾ?" ಎಂದೆ.

"ಹಂಗಂದ್ರ ನಂಬಬಾರದವರು. ಎಲ್ಲಾರೂ ಅಂತಾರ. ನಿನಗ ಅಷ್ಟೂ ಗೊತ್ತಿಲ್ಲೇನು?"

ಪೂಜಾ, ನಿನ್ನ ತಪ್ಪಿಲ್ಲ. ಆ ಮಾತು ಎಲ್ಲಿಂದ ಬಂತೆಂದು ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಿನ್ನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ಒಬ್ಬ ಮನುಷ್ಯನ ಅಪಮಾನ ಮಕ್ಕಳ ಆಟದ ಮಾತಾಗಿ ನನ್ನ ಮನೆಗೇ, ನನ್ನ ಮೊಮ್ಮಗಳ ಬಾಯಿಂದಲೇ ಬಂದಿತ್ತು.

ಮರುದಿನ ಔರಾದ ಬಸ್ಸು ಹತ್ತಿದೆ. ಅಣ್ಣ ಮಗ್ಗದ ಕುಣಿಯಲ್ಲಿದ್ದ. ಮೊದಲು ಅವನೇ ಹೇಳಲಿ, ಹಿರಿಯ, ಗಂಡಸು, ಅವನ ಮಾತಿಗೆ ತೂಕವಿದೆ ಎಂದು ನನ್ನ ಲೆಕ್ಕ. ನಿಜ ಹೇಳಬೇಕೆಂದರೆ, ಅವನು ಹೇಳಿದರೆ ನಾನು ಹೇಳುವುದು ತಪ್ಪುತ್ತದೆ ಎಂಬ ಲೆಕ್ಕವೂ ಇತ್ತು.

ಅಣ್ಣ ಲಾಳಿ ನಿಲ್ಲಿಸಲಿಲ್ಲ. "ಈಗ್ಯಾಕ ಬೇಕಿತ್ತು? ಅವ ಪೆಟ್ಟಿಗಿ ಮಾಡಿ ಉಣ್ಲಾತಾನ, ನಾ ಕಂಬಳಿ ನೇದು ಉಣ್ಲಾತೇನಿ."

"ಅವರ ಹೆಸರು ಕೆಟ್ಟದಣ್ಣಾ."

"ಅವನ ಹೆಸರು ಸುದ್ದ ಆಗ್ಬೇಕಂದ್ರ ನಂದು ಕೆಡಬೇಕು. ಹೌದಲ್ಲ? ನೀ ಯಾರ ಮಗಳು?"

"ನಾ ಹೋಗಿ ಸಾವಕಾರ್ರಿಗೆ ಹೇಳ್ತೇನಿ" ಎಂದೆ. ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯ.

ಲಾಳಿ ನಿಂತಿತು. "ಹೇಳು. ಹೇಳಿದ ಮ್ಯಾಲ ಈ ಹೊಸ್ತಲಾ ತುಳಿಬ್ಯಾಡ."

ಪ್ರತಿ ಸಲ ವೈನಿ, ಅಣ್ಣನ ಹೆಂಡತಿ, ನನ್ನ ಜೊತೆ ಬಸ್ ನಿಲ್ದಾಣದವರೆಗೆ ಬರುತ್ತಿದ್ದಳು, ದಾರಿಯುದ್ದಕ್ಕೂ ಅಣ್ಣನ ಮೇಲೆ ದೂರು ಹೇಳುತ್ತ. ಅಂದು ಒಳಗೇ ಉಳಿದಳು. ಹಿಂಡಾಗಿ ಹೊರಟಿದ್ದ ಕುರಿಗಳು ಮಾತ್ರ ಒಂದಿಷ್ಟು ದೂರ ಜೊತೆ ಬಂದವು. ಅವಕ್ಕೆ ನನ್ನ ತವರಿನ ವಿಷಯ ಇನ್ನೂ ತಲುಪಿರಲಿಲ್ಲ.

ಭಾಲ್ಕಿಗೆ ರೈಲಿನಲ್ಲಿ ಹೋದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡೆ, ಬಾಯಿಪಾಠ ಮಾಡಿದೆ, ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ. ಸಾವಕಾರರಿಗೆ ವಯಸ್ಸಾಗಿತ್ತು, ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾನು ನಿಂತೇ, ತಲೆ ಎತ್ತಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ: ಪಟ್ಟಿಗೆ ನೀರು ತೋರಿಸಿರಲಿಲ್ಲ, ನನಗೆ ಗೊತ್ತಿತ್ತು, ಕಟ್ಟಿಗೆ ಒಣಗಿತ್ತು, ತಪ್ಪು ನಮ್ಮದು. ತವರನ್ನು ಕೊಟ್ಟು ಕೊಂಡ ಮಾತುಗಳು ಅವು.

ಸಾವಕಾರರು ಹಣೆ ಗಂಟಿಕ್ಕಿ ಕೇಳಿಸಿಕೊಂಡರು. "ಯಾವ ಕುರ್ಚಿ, ತಂಗಿ?" ಎಂದರು.

"ನೌಬಾದದ ಮನೀದ್ರಿ. ಕಂಬಳಿ ಪಟ್ಟೀವು. ಮೂವತ್ತು."

"ನೌಬಾದದ್ದು ಮಾರಿಬಿಟ್ವಲ್ಲ. ನಡೀಲೇ ಇಲ್ಲ ಅದು." ಸ್ವಲ್ಪ ಯೋಚಿಸಿದರು. "ಹಾಂ, ಹಾಂ! ಕುಂಟ್ತಿದ್ವಲ್ಲ, ಅವಾ? ಅದೇ ಶ್ರಾವಣದಾಗ ದಾಸೋಹ ಇಟ್ಟಿದ್ವಿ. ಹೊರಗ ಎಲ್ಲಾ ಸೌದಿ ತೊಯ್ದಿತ್ತು, ಒಲಿ ಹತ್ತಲೊಲ್ದು. ಅಡಗಿಯವರು ಆ ಕುರ್ಚಿ ಕಡದು ಹಚ್ಚಿದ್ರು. ಏನ್ ಚೊಲೋ ಉರದ್ವು ಅಂತೀರಿ! ಕರ್ಪೂರ ಹತ್ತಿದಂಗ ಹತ್ತಿದ್ವು. ಒಂದೀಟು ಹೊಗಿ ಇಲ್ಲ."

"ಹೊಗಿ ಬರ್ಲಿಲ್ಲೇನ್ರಿ?" ಎಂದೆ.

"ಇಲ್ಲಬಿಡು. ಐನೂರು ಮಂದಿ ಅಡಗಿ ಆತು. ಕುಂದ್ರು, ಚಾ ಕುಡದು ಹೋಗು."

ಒಲೆಯ ಮುಂದೆ ಕೂತು ಗೊತ್ತಿರುವ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿ ಕಟ್ಟಿಗೆ ಹೊಗೆಯಾಡುತ್ತದೆ, ಕಣ್ಣು ಸುಡುತ್ತದೆ, ತುದಿಯಲ್ಲಿ ನೊರೆ ಉಕ್ಕುತ್ತದೆ. ಮಳೆಗಾಲದ ನಡುವೆ ಕರ್ಪೂರದ ಹಾಗೆ ಉರಿಯುವುದಿಲ್ಲ. ಎರಡು ಮಳೆ ಕಂಡ ಮರ ತನ್ನ ಸಾಕ್ಷಿಯನ್ನು ಸಾವಕಾರರ ಒಲೆಯಲ್ಲೇ ಹೇಳಿಹೋಗಿತ್ತು. ಅದನ್ನು ಕಣ್ಣಾರೆ ಕಂಡವರಿಗೆ ತಾವು ಕಂಡದ್ದೇನೆಂದು ತಿಳಿದಿರಲಿಲ್ಲ. ಹೇಳಿದರೂ ಈಗ ಅವರಿಗೆ ಅದು ಬೇಕಿರಲಿಲ್ಲ. ಅವರಿಗೆ ಖಾಸಿಂ ಭಾಯಿಯ ಹೆಸರೂ ನೆನಪಿರಲಿಲ್ಲ. ಒಬ್ಬನ ಮೂರು ತಲೆಮಾರಿನ ಹೆಸರನ್ನು ತೆಗೆದವರು ಆ ಸಂಜೆಯೇ ಅದನ್ನು ಮರೆತು ಊಟಕ್ಕೆ ಎದ್ದಿದ್ದರು. ಚಹಾ ಕುಡಿದೆ, ಸಕ್ಕರೆ ಹೆಚ್ಚಾಗಿತ್ತು. ರೈಲಿನಲ್ಲಿ ಹಿಂದೆ ಬಂದೆ.

ಮೈಲೂರಿಗೆ ಬಂದು ಮನೆಗೂ ಹೋಗದೆ ನೇರ ಖಾಸಿಂ ಭಾಯಿಯ ಅಂಗಡಿಯ ಮುಂದೆ ನಿಂತೆ. ಪೆಟ್ಟಿಗೆಗಳ ರಾಶಿಯ ನಡುವೆ ಕೂತಿದ್ದರು, ಬಾಯಲ್ಲಿ ನಾಲ್ಕು ಮೊಳೆ. ಈ ಸಲ ನಾನೇ ಕೆಮ್ಮಿದೆ.

"ಭಾಯಿ, ಪಟ್ಟಿಗೆ ನೀರು ತೋರಿಸಿರಲಿಲ್ಲರಿ. ನನಗ ಗೊತ್ತಿತ್ತು. ಭಾಲ್ಕಿಗೆ ಹೋಗಿ ಸಾವಕಾರ್ರಿಗೆ ಹೇಳಿ ಬಂದೇನಿ."

ಅವರು ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಮುದಿಕಣ್ಣಿನಲ್ಲಿ ಹುಡುಗನಂಥ ಆಸೆ ತಂದುಕೊಂಡು ಅವರು ಕೇಳಿದ್ದು ಒಂದೇ: "ಏನಂದ್ರು ಸಾವಕಾರ್ರು?"

ಮರೆತಿದ್ದಾರೆ ಎನ್ನಲೇ? ನಿಮ್ಮ ಕುರ್ಚಿಗಳನ್ನು ಕಡಿದು ಸಾರು ಕುದಿಸಿದರು ಎನ್ನಲೇ? ಎಂದೂ ಸಮಯಕ್ಕೆ ಬಾರದ ನನ್ನ ನಾಲಿಗೆ ಅಂದು ಒಂದು ಕ್ಷಣವೂ ತಡವರಿಸಲಿಲ್ಲ.

"ತಪ್ಪಾತು ಅಂದ್ರು. ಖಾಸಿಂ ಭಾಯಿಗೆ ಹೇಳು ಅಂದ್ರು."

"ಕುರ್ಚಿ?"

"ಅವರ ಮನ್ಯಾಗೇ ಅದಾವ್ರಿ. ಪಟ್ಟಿ ಬಿಚ್ಚಿ, ಬೆಣಿ ಹೊಡಿಸ್ಯಾರ. ಈಗ ನೆಟ್ಟಗ ನಿಂತಾವ."

"ನಿಂತಾವಾ?" ಎಂದರು. "ನಿಂತೇ ನಿಲ್ತಾವ. ನಾ ಹೇಳಿದ್ದಿಲ್ಲೇನು? ಎರಡು ಮಳಿ." ತಲೆಯ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಗಲ್ಲಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದರು. "ಬಾಯಿ, ಒಂದು ಕೆಲಸ ಮಾಡ್ರಿ. ಅದರಾಗಿಂದು ಒಂದೇ ಒಂದು ಕುರ್ಚಿ ಕೇಳಿ ತರಸ್ರಿ. ಮಾತು ಯಾರು ನಂಬ್ತಾರ? ಕುರ್ಚಿ ಇಲ್ಲಿ ಮುಂದ ಇಡ್ತೇನಿ. ಬಂದವರು ಕುಂತು ನೋಡ್ಲಿ."

"ತರಸ್ತೇನ್ರಿ" ಎಂದೆ.

ಮಕ್ಕಳೇ, ಆ ಮಾತನ್ನು ಇನ್ನು ಆಟದಲ್ಲಿಯೂ ಆಡಬೇಡಿ. ಯಾರಾದರೂ ಆಡಿದರೆ ಆ ಕಟ್ಟಿಗೆ ಒಣಗಿತ್ತೆಂದು, ತಪ್ಪು ನಿಮ್ಮ ಆಯಿಯ ಮನೆತನದ್ದೆಂದು, ಸುಳ್ಳು ನಿಮ್ಮ ಆಯಿಯದೆಂದು ಗಲ್ಲಿಯಲ್ಲಿ ನಿಂತು ದೊಡ್ಡ ದನಿಯಲ್ಲಿ ಹೇಳಿ. ನನ್ನ ದನಿ ಅಷ್ಟು ದೂರ ಹೋಗುವುದಿಲ್ಲ. ಕಾಯಿಪಲ್ಲೆ ತರಲು ಹೋದಾಗ ಆಯಿ ಯಾಕೆ ಅಷ್ಟು ಸುತ್ತಿ ಬರುತ್ತಾಳೆಂದು ನೀವು ಕೇಳುತ್ತಿದ್ದಿರಲ್ಲ, ಅದಕ್ಕೂ ಉತ್ತರ ಇದೇ. ಖಾಸಿಂ ಭಾಯಿ ಅಂಗಡಿಯ ಬಾಗಿಲ ಬದಿಯ ಪೆಟ್ಟಿಗೆಗಳನ್ನೆಲ್ಲ ಒಳಗೆ ಸರಿಸಿದ್ದಾರೆ. ಒಂದು ಕುರ್ಚಿ ಹಿಡಿಯುವಷ್ಟು ಜಾಗ ಖಾಲಿ ಮಾಡಿ, ಪ್ರತಿ ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಅಲ್ಲಿ ನೀರು ಚಿಮುಕಿಸಿ ಗುಡಿಸುತ್ತಾರೆ.